ಜಾವಾಯಿಗೆ ಕೊಟ್ಟ ಸೈಕಲ್

ತವರಿನ ಪಡಸಾಲೆಗೆ ಕಾಲಿಟ್ಟ ಕೂಡಲೇ ನನ್ನ ಕಣ್ಣಿಗೆ ಬಿದ್ದದ್ದು ಸೈಕಲ್ಲಿನ ಸೀಟು. ಅದು ನಾಲ್ಕು ಬೆರಳು ಮೇಲೇರಿತ್ತು.

"ಅಪ್ಪಾ, ಇದರ ಮ್ಯಾಲ ಯಾರು ಕುಂತಿದ್ರು?"

ಅಪ್ಪ ಬಾಗಿಲಿಗೆ ತೋರಣ ಕಟ್ಟುತ್ತಿದ್ದ. ತಿರುಗಿ ನೋಡಲಿಲ್ಲ. "ಯಾರ ಕುಂದ್ರತಾರವ್ವಾ? ಧೂಳ ಒರಸೂ ಮುಂದ ಸರದಿರಬೇಕು."

ಧೂಳು ಒರೆಸಿದರೆ ಆ ಸೀಟು ಸರಿಯುವುದಿಲ್ಲ. ಬೋಲ್ಟು ಸಡಿಲಿಸಿ, ಸೀಟು ಹೊತ್ತ ತೊಲೆಯನ್ನು ಮೇಲಕ್ಕೆತ್ತಿ, ಮತ್ತೆ ಬಿಗಿಯಬೇಕು. ನಮ್ಮೂರು ಉಮರ್ಗಾದಲ್ಲಿ ಅದನ್ನು ಬಲ್ಲವರು ನಾನು ಮತ್ತು ಅಪ್ಪ ಇಬ್ಬರೇ. ಆದರೂ ಸುಮ್ಮನಾದೆ. ಎಲ್ಲದರಲ್ಲೂ ಏನೋ ಹುಡುಕುತ್ತೀ ಎಂದು ಮನೆಯವರೆಲ್ಲ ನನ್ನನ್ನು ಹಂಗಿಸುತ್ತಾರೆ. ಗಂಡನ ಮನೆಯಲ್ಲೂ ಈಗ ಅದೇ ಮಾತು.

ಅಧಿಕಮಾಸ ಬಂದಿತ್ತು. ನಮ್ಮ ಕಡೆ ಅದಕ್ಕೆ ಧೋಂಡಾ ತಿಂಗಳು ಎನ್ನುತ್ತಾರೆ. ಮಗಳು-ಅಳಿಯನನ್ನು ಕರೆದು, ಹೂರಣ ತುಂಬಿದ ಧೋಂಡೆ ಉಣ್ಣಿಸಿ, ಅಳಿಯನ ಕೈಗೆ ಏನಾದರೂ ದಾನ ಕೊಡಬೇಕು. ಆ ದಿನದ ಮಟ್ಟಿಗೆ ಜಾವಾಯಿ, ಅಂದರೆ ಅಳಿಯನೇ ದೇವರು. ಮದುವೆಯಾದ ಮೇಲೆ ನಮಗಿದು ಮೊದಲನೆಯ ಧೋಂಡಾ. ನನ್ನ ಗಂಡ ಬಸವಕುಮಾರ ಉದಗೀರದಲ್ಲಿ ಕ್ರೀಡಾ ಸಾಮಾನಿನ ಅಂಗಡಿ ಇಟ್ಟಿದ್ದಾರೆ. ನಿಲಂಗಾದಲ್ಲಿ ಇನ್ನೊಂದನ್ನು ತೆರೆಯುವ ಗಡಿಬಿಡಿ ಅವರಿಗೆ. ಮರುದಿನ ಬರುತ್ತೇನೆಂದು ನನ್ನನ್ನು ಮುಂದಾಗಿ ಕಳಿಸಿದ್ದರು.

ಸೈಕಲ್ ಸಿಕ್ಕಿದ್ದೂ ಉದಗೀರದಲ್ಲೇ. ಆಗ ನನ್ನ ಮದುವೆಯ ಮಾತೇ ಇರಲಿಲ್ಲ. ಇಲ್ಲಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಅಪ್ಪ ಹಳೆಯ ಮೋಟಾರು ಹುಡುಕಲು ಗುಜರಿ ಅಂಗಡಿಗೆ ಹೋದಾಗ ಜೊತೆಗೆ ಹೋಗಿದ್ದೆ. ಹೊರದೇಶದಿಂದ ಬಂದ ಗುಜರಿಯ ರಾಶಿಯ ಕೆಳಗೆ ಅದು ಬಿದ್ದಿತ್ತು. ಈಜಿ, ಸೈಕಲ್ ಹೊಡೆದು, ಕೊನೆಗೆ ಓಡಿ ಮುಗಿಸುವ ಟ್ರಯಥ್ಲಾನ್ ಪಂದ್ಯಕ್ಕೆಂದು ನಾನು ಹುಟ್ಟುವ ಮೊದಲೇ ಮಾಡಿದ್ದ ಸೈಕಲ್. ಸೀಟಿನಿಂದ ಪೆಡಲಿನ ಕಡೆಗೆ ಇಳಿಯುವ ಕೊಳವೆಯೇ ಅದಕ್ಕಿರಲಿಲ್ಲ. ಮುಂದಿನಿಂದ ಹೊರಟ ಕಪ್ಪು ಕಾರ್ಬನ್ ತೊಲೆಯೊಂದು ಗಾಳಿಯಲ್ಲಿ ಚಾಚಿಕೊಂಡಿತ್ತು. ಅದರ ತುದಿಗೆ ಸೀಟು. ಹ್ಯಾಂಡಲ್ಲಿನ ಮೇಲೆ ಮೊಣಕೈ ಊರಿ, ಬೆನ್ನು ಬಗ್ಗಿಸಿ ಓಡಿಸಬೇಕು.

ಅದನ್ನು ಮನೆಗೆ ತಂದ ದಿನ ಅಪ್ಪನ ಅಕ್ಕ ರಂಭಾಬಾಯಿ ಅತ್ತೆ ಸುತ್ತಲೂ ನಡೆದು ನೋಡಿದಳು. "ಏ ವೀರಭದ್ರಾ, ಇದಕ್ಕ ನಡಾನೇ ಇಲ್ಲಲ್ಲೋ! ಒಂದು ಪೈಪು ತಾನೇ ಇಟ್ಕೊಂಡು ಉಳದಿದ್ದು ನಿನಗ ಮಾರ್ಯಾನ."

ಬೆಸುಗೆಯವನೊಬ್ಬ ಸರಳು ಜೋಡಿಸಿಕೊಡುತ್ತೇನೆಂದು ಎರಡು ಸಲ ಬಂದ. ಅಪ್ಪ ಅವನನ್ನು ಅಂಗಳದಿಂದಲೇ ಸಾಗಹಾಕಿದ.

ನಾನು ಆ ಸೈಕಲ್ಲಿನ ಹಳೆಯ ನಕ್ಷೆಗಳನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ತೆಗೆದೆ. ಮುರುಮದ ಸಕ್ಕರೆ ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಮೇಲೆ ದುಡಿದು ನಿವೃತ್ತನಾಗಿದ್ದ ಅಪ್ಪ, ತೊಲೆ ಕೂರುವ ಕೀಲಿನ ಸವೆದ ಪಿನ್ನನ್ನು ಹೊಸದಾಗಿ ಕಡೆದುಕೊಟ್ಟ. ಆ ಅಳತೆಯ ಟೈರು ಹೈದರಾಬಾದಿನಿಂದ ತರಿಸಿದೆವು. ಅದನ್ನು ರಿಮ್ಮಿಗೆ ಅಂಟು ಹಚ್ಚಿಯೇ ಕೂರಿಸಬೇಕು. ಅಂಟು ಹಳತಾಗಿ ಬಿರಿದರೆ ತಿರುವಿನಲ್ಲಿ ಟೈರು ಕಳಚಿ ಬರುತ್ತದೆ. ಒಬ್ಬರು ಎಳೆದು ಹಿಡಿಯಬೇಕು, ಒಬ್ಬರು ಒತ್ತಬೇಕು. ಎಷ್ಟೋ ಸಂಜೆಗಳು ಹಾಗೆ ಕಳೆದವು. ನಾವು ಹೆಚ್ಚು ಮಾತಾಡುತ್ತಿರಲಿಲ್ಲ.

ಮೊದಲ ಸಲ ಯೆಣೆಗೂರದ ಕಡೆ ಓಡಿಸಿದಾಗ ತೊಲೆ ನನ್ನ ಭಾರಕ್ಕೆ ಮೆಲ್ಲಗೆ ತೂಗಿತು. ಢಾಬಾದ ಮುಂದೆ ನಿಂತಿದ್ದವರು ಚಹಾ ಬಿಟ್ಟು ನೋಡಿದರು. ರಸ್ತೆ ದಾಟಲೂ ಅಂಜುವ ನನಗೆ ಅದರ ಮೇಲೆ ಮಾತ್ರ ಅಂಜಿಕೆ ಇರಲಿಲ್ಲ. ಮದುವೆಯ ದಿನ ಅಪ್ಪ ಹೇಳಿದ್ದ: "ಸೈಕಲ್ ಇಲ್ಲೇ ಇರಲಿ. ಅದು ನಿಂದು. ನೀ ಬಂದಾಗ ಓಡಸ್ಕೊ." ಆ ಮಾತನ್ನು ನೆಚ್ಚಿ ನಾನು ಉದಗೀರದ ದಿನಗಳನ್ನು ಕಳೆಯುತ್ತಿದ್ದೆ.

ನಾನು ತವರಿಗೆ ಬಂದ ಮರುದಿನ ನನ್ನನ್ನೂ ನನ್ನ ಗಂಡನನ್ನೂ ಜೋಡಿ ಮಣೆಯ ಮೇಲೆ ಕೂರಿಸಿದರು. ಅವ್ವ ಆರತಿ ಬೆಳಗಿದಳು. ತಟ್ಟೆಯಲ್ಲಿ ಅನಾರಸೆ ಕಜ್ಜಾಯ, ದೀಪ, ಹೊಸ ಬಟ್ಟೆ. ಅಳಿಯನಿಗೆ ವಾಡಿಕೆಯಾಗಿ ಕೊಡುವ ಉಂಗುರ ಇರಲಿಲ್ಲ. ಹಾಗಿದ್ದರೆ ದಾನ ಯಾವುದು ಎಂದು ನಾನು ಕಣ್ಣಾಡಿಸುವಷ್ಟರಲ್ಲಿ ಅಪ್ಪ ಸೈಕಲ್ಲನ್ನು ತಳ್ಳಿಕೊಂಡು ಬಂದ. ಹ್ಯಾಂಡಲ್ಲಿಗೆ ಕುಂಕುಮ ಹಚ್ಚಿತ್ತು, ಸೀಟಿನ ಮೇಲೆ ಶಾಲು ಹೊದಿಸಿತ್ತು.

"ಜಾವಾಯಿಬಾಪು, ಇನ್ನ ಮ್ಯಾಲ ಪೆಟ್ರೋಲ್ ಖರ್ಚು ಉಳೀತು ನೋಡ್ರಿ," ಎಂದು ರಂಭಾಬಾಯಿ ಅತ್ತೆ ನಕ್ಕಳು.

"ಓಡಸೂದಕ್ಕಲ್ಲರೀ ಅತ್ತೆಮ್ಮಾ," ಎಂದರು ನನ್ನ ಗಂಡ. "ನಿಲಂಗಾದ ಅಂಗಡ್ಯಾಗ ಗ್ಲಾಸಿನ ಹಿಂದ, ಗ್ವಾಡಿಗಿ ತೂಗಹಾಕ್ತೀನಿ. ಮ್ಯಾಲ ಲೈಟು. ಮಾಮಾ ಉಂಗುರ ಮಾಡಸ್ತೀನಿ ಅಂದ್ರು. ನಾನೇ ಬ್ಯಾಡ ಅಂದೆ, ಇದನ್ನ ಕೇಳ್ದೆ. ಹೋದ ವಾರ ಬಂದು ಕುಂತೂ ನೋಡೀನಿ."

ಹೋದ ವಾರ ಅವರು ಲೋಹಾರಾಕ್ಕೆ ಹೋಗುತ್ತೇನೆಂದು ಹೇಳಿದ್ದರು.

"ಗ್ವಾಡಿಗಿ ಹ್ಯಾಂಗ ತೂಗಹಾಕ್ತೀರಿ?" ಎಂದು ಕೇಳಿದೆ.

"ಆ ತೊಲಿಗಿ ತೂತು ಹಾಕಿ ಬೋಲ್ಟ್ ಬಿಗಿಯೂದು. ಮತ್ತೇನು?"

"ಕಾರ್ಬನ್ನಿಗೆ ತೂತು ಬಿತ್ತಂದ್ರ ಅದು ಮುಂದ ಮನಷ್ಯಾನ ಭಾರ ಹೊರೂದಿಲ್ಲರೀ. ಯಾರೂ ಕುಂದ್ರಂಗಿಲ್ಲ."

"ಕುಂದ್ರಬಾರದು ಅಂತನೇ," ಎಂದರು ಅವರು, ಎಲ್ಲರಿಗೂ ಕೇಳುವಂತೆ, ನಗುತ್ತಲೇ. "ನಮ್ಮ ಮನಿ ಸೊಸಿ ಅದರ ಮ್ಯಾಲ ಬಗ್ಗಿ ಕುಂತು ರೋಡಿಗಿ ಹೊಂಟ್ರ ಮಂದಿ ಏನಂದಾರು?"

ಧೋಂಡೆಯ ದಾನವನ್ನು ಗಂಡಹೆಂಡತಿ ಜೋಡಿಯಾಗಿಯೇ ತೆಗೆದುಕೊಳ್ಳಬೇಕು. ಅವರ ಕೈಯ ಕೆಳಗೆ ನನ್ನ ಕೈ ಇರಬೇಕು. ಅವ್ವ ಪಿಸುಗುಟ್ಟಿದಳು, "ಮೀನಲ, ಕೈ ಹಚ್ಚು."

ನಾನು ಅಪ್ಪನನ್ನು ನೋಡಿದೆ. "ತೂತಿನ ಮಾತು ನಿನಗ ಗೊತ್ತಿತ್ತೇನು?"

"ನಿನ್ನ ಮನಿಗೇ ಹೊಂಟದಲ್ಲವ್ವಾ," ಎಂದ ಅಪ್ಪ. "ಧೋಂಡ್ಯಾದಾಗ ಬಾಯಿಬಿಟ್ಟು ಕೇಳ್ಯಾರ. ಇಲ್ಲ ಅಂತ ಹ್ಯಾಂಗ ಅನ್ನಲಿ?"

ನಾನು ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡೆ.

"ಇರಲಿ ಬಿಡ್ರಿ," ಎಂದು ನನ್ನ ಗಂಡ ಒಬ್ಬರೇ ಹ್ಯಾಂಡಲ್ ಹಿಡಿದರು. "ಆಕಿ ಕೈ ಹಚ್ಚದಿದ್ರೂ ಅದು ಕಾರು ಹತ್ತತದ."

ಊಟವಾದ ಮೇಲೆ ಕಾರಿನ ಮೇಲೆ ಕಟ್ಟುವ ಕೆಲಸ ನಡೆಯಿತು. ನಾನು ಕಿಟಕಿಯ ಬಳಿ ನಿಂತಿದ್ದೆ. ಗಾಲಿಗಳನ್ನು ಅಪ್ಪನೇ ಕಳಚಿಕೊಟ್ಟ, ಹಳೆಯ ಕೌದಿಯಲ್ಲಿ ಸುತ್ತಿದ. ಆಗ ನನ್ನ ಗಂಡ ಕೇಳಿದರು, "ಮಾಮಾ, ಬೋಲ್ಟ್ ಎಲ್ಲಿ ಹಾಕಿದ್ರ ಗಟ್ಟಿ?"

ಅಪ್ಪ ಅಂಗಿಯ ಕಿಸೆಯಿಂದ ರೂಪಾಯಿಯ ಬಿಲ್ಲೆ ತೆಗೆದ. ತೊಲೆಯೊಳಗೆ ಬಿರುಕು ಬಿಟ್ಟಿದೆಯೇ ಎಂದು ನಾವು ತಿಂಗಳಿಗೊಮ್ಮೆ ನೋಡುತ್ತಿದ್ದುದು ಹಾಗೆಯೇ: ಬಿಲ್ಲೆಯಿಂದ ತಟ್ಟುತ್ತ ಹೋಗುವುದು, ಸದ್ದು ಮಂಕಾದಲ್ಲಿ ಬಿರುಕಿದೆಯೆಂದು ನಿಲ್ಲುವುದು. ಅಪ್ಪ ಕಿವಿಗೊಟ್ಟು ತಟ್ಟುತ್ತ ಹೋದ. ಸದ್ದು ಎಲ್ಲಕ್ಕಿಂತ ಸ್ವಚ್ಛವಾಗಿ ಬಂದ ಜಾಗದಲ್ಲಿ ನಿಂತು, ಎಲೆಅಡಿಕೆಯ ಸುಣ್ಣ ಹತ್ತಿದ ಬೆರಳಿನಿಂದ ಒಂದು ಚುಕ್ಕೆ ಇಟ್ಟ.

"ಇಲ್ಲಿ ಹಾಕ್ರಿ."

ಕಾರು ಹೊರಟಿತು. ಹಿಂದಿನಿಂದ ಬಸ್ಸಿಗೆ ಬರುತ್ತೇನೆಂದು ಹೇಳಿ ನಾನು ಉಳಿದೆ. ಯಾರೂ ಹೆಚ್ಚು ಒತ್ತಾಯಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಾನು ಬಸ್ ಸ್ಟ್ಯಾಂಡಿಗೆ ನಡೆದಾಗ ಅಪ್ಪ ನನ್ನ ಚೀಲ ಹಿಡಿದುಕೊಂಡು ಹಿಂದೆ ಬಂದ.

"ಸಿಟ್ಟಾಗಬ್ಯಾಡವ್ವಾ. ನೀ ಮುಂದಿನ ಸಲ ಬರೂದ್ರಾಗ ಬ್ಯಾರೆ ಒಂದು ಹುಡುಕಿ ಇಡ್ತೀನಿ. ಇಬ್ಬರೂ ಕೂಡಿ ರಿಪೇರಿ ಮಾಡೂಣು."

ಅವನ ಕೈಯಿಂದ ಚೀಲ ತೆಗೆದುಕೊಂಡೆ.

"ಅದನ್ನೂ ಯಾರು ಕೇಳಿದ್ರ ಅವರಿಗಿ ಕೊಡ್ತೀಯೇನು, ಅಪ್ಪಾ?"

ಉದಗೀರದ ಬಸ್ಸು ಬಂತು. ನಾನು ಹತ್ತಿ, ಅವನು ಕಾಣದ ಕಡೆಯ ಕಿಟಕಿಗೆ ಕುಳಿತೆ.