ಮೂಗಿನ ತುದಿ ಮತ್ತು ಎಡಗಾಲು

ತೊರಕೆ ಮೀನಿನ ಬಾಲದ ವಿಷಮುಳ್ಳು ನನ್ನ ಗಂಡ ಬಚ್ಚನ ಎಡಪಾದವನ್ನು ಸೀಳಿತ್ತು. ದೋಣಿಯಲ್ಲೇ ಆ ಮೀನನ್ನು ಮರದ ತುಂಡಿನಿಂದ ಜಜ್ಜಿ ಕೊಂದರಂತೆ. ಮನೆಗೆ ಬಂದಾಗ ಲುಂಗಿಯೆಲ್ಲ ರಕ್ತ. ಬಿಸಿನೀರಿನಲ್ಲಿ ಕಾಲಿಟ್ಟು ಕೂಗಿದರು, ಗೋಡೆಗೆ ತಲೆ ಚಚ್ಚಿಕೊಂಡರು. ಆಸ್ಪತ್ರೆ ಬೇಡವೆಂದು ಚಂದಯ್ಯನವರನ್ನು ಕರೆಸಿದರು.

ಚಂದಯ್ಯ ಮುಂಬಯಿಯ ಹೋಟೆಲು ಬಿಟ್ಟು ಬಂದು ಶಿರೂರಿನಲ್ಲಿ ಬುದ್ಧನ ಧ್ಯಾನ ಹೇಳಿಕೊಡುವವರು.

"ಮೂಗಿನ್ ತುದಿಯಲ್ಲ್ ಉಸಿರ್ ಕಾಣಿ. ಕಾಲೇ ಇಲ್ಲೆ ಅಂದ್ ತಿಳ್ಕಣಿ," ಅಂದರು.

ನಮ್ಮವರು ಹಟವಾದಿ. ನಾಲ್ಕು ದಿನ ಕೂತರು. ಕೂಗು ನಿಂತಿತು.

ಚಂದಯ್ಯ ಕೊಟ್ಟ ಪುಸ್ತಕವನ್ನು ನಾನು ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದೆ. ಪುಟದ ಮೇಲ್ಭಾಗದಲ್ಲಿ ಬುದ್ಧನ ಮಾತು: ಇಡೀ ದೇಹವನ್ನು ಅರಿಯುತ್ತ ಉಸಿರಾಡು, ನೋವಾದರೆ ನೋವೆಂದು ತಿಳಿ. ಕೆಳಗೆ ಸಣ್ಣ ಅಕ್ಷರದಲ್ಲಿ, ಹತ್ತಿರ ಹತ್ತಿರ ಸಾವಿರ ವರ್ಷ ಕಳೆದ ಮೇಲೆ ಪಂಡಿತರು ಬರೆದದ್ದು: ಇಲ್ಲಿ ದೇಹವೆಂದರೆ ಉಸಿರೇ, ಅದು ಮೂಗಿಗೆ ತಾಗುವಲ್ಲಿ ಮನಸ್ಸು ನಿಲ್ಲಲಿ. ಚಂದಯ್ಯ ಕಲಿಸಿದ್ದೆಲ್ಲ ಕೆಳಗಿನದು.

"ಹ್ವಾಯ್, ಮೇಲ್ ಬರ್ದದ್ದ್ ಬೇರೆ ಇತ್ತ್. ಒಂದ್ಸಲ ಕಾಲನ್ನೂ ಕಾಣಿ," ಎಂದು ಇವರಿಗೆ ಹೇಳಿದೆ.

"ನೀನ್ ಯಾವಾಗ ಪಂಡಿತೆ ಆದ್ದ್ ಮಾರಾಯ್ತಿ? ಬುದ್ಧಂಗೂ ಮೀನ್ ಮಾರುಕೆ ಕಲ್ಸ್ತ್ಯಾ? ನೋವೇ ಇಲ್ಲೆ. ಗೆದ್ದೆ ನಾನ್."

ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದೆ. ಕೊಳೆತ ನಾತ. ಪಾದ ಕಪ್ಪಾಗಿತ್ತು. ಹೆಬ್ಬೆರಳನ್ನು ಗಾಯದೊಳಗೆ ಗೆಣ್ಣಿನ ತನಕ ಒತ್ತಿದೆ. ಕೀವು ಚಿಮ್ಮಿ ಸೀರೆಗೆ ಬಿತ್ತು. ಇವರು ಕಣ್ಣು ಮುಚ್ಚಿಕೊಂಡೇ ನಕ್ಕರು. ಮಾಂಸ ಸತ್ತಿದೆ ಎಂದು ದಿನಾ ಮೀನು ಕೊಯ್ಯುವ ನನ್ನ ಕೈಗೆ ತಿಳಿಯಿತು.

ನಲವತ್ತು ವರ್ಷದಲ್ಲಿ ಮೊದಲ ಸಲ ಗಂಡನ ಕೆನ್ನೆಗೆ ಹೊಡೆದೆ. ಎರಡನೆಯ ಏಟಿಗೆ ತುಟಿ ಒಡೆಯಿತು. ತಡೆಯಲು ಬಂದ ಚಂದಯ್ಯನವರ ಎದೆಗೆ ಗುದ್ದಿದೆ.

"ಆ ಬದಿ ಹಿಡ್ಕಣಿ! ರಿಕ್ಷಾಕ್ಕೆ ಹಾಕುವ!" ಎಂದು ಅವರಿಗೇ ಕೂಗಿದೆ.

ಕುಂದಾಪುರದ ಆಸ್ಪತ್ರೆಯಲ್ಲಿ ಡಾಕ್ಟರು ಸೂಜಿಯಿಂದ ಕಾಲ್ಬೆರಳು ಚುಚ್ಚಿದರು.

"ಗೊತ್ತಾಗುತ್ತಾ?"

"ಇಲ್ಲೆ." ಇವರ ದನಿಯಲ್ಲಿ ಇನ್ನೂ ಹೆಮ್ಮೆ.

ಪಾದಕ್ಕೆ ಚುಚ್ಚಿದರು. "ಇಲ್ಲೆ."

"ಗೊತ್ತಾಗದ ಕಡೆಯನ್ನೆಲ್ಲ ಕತ್ತರಿಸಬೇಕಾಗುತ್ತದೆ," ಅಂದರು ಡಾಕ್ಟರು.

ಇವರ ಮುಖ ಬಿಳಿಚಿತು. "ಇನ್ನೊಂದ್ಸಲ ಚುಚ್ಚಿ ಡಾಕ್ಟ್ರೆ. ಜೋರ್ ಚುಚ್ಚಿ."

ಪಾದದ ಮೇಲಿನ ಹರಡಿಗೆ ಚುಚ್ಚಿದರು. ಇವರು ಹಲ್ಲು ಕಚ್ಚಿ ಕಾಯ್ದರು. ಏನೂ ಇಲ್ಲ. ಅದರ ಮೇಲೆ ಒಂದು ಗೇಣು. ಏನೂ ಇಲ್ಲ.

"ಕೂಗಿ, ಹ್ವಾಯ್, ಕೂಗಿ," ಎಂದು ನಾನು ಅಳುತ್ತಿದ್ದೆ.

ಮೊಣಕಾಲಿಗೆ ನಾಲ್ಕು ಬೆರಳು ಕೆಳಗೆ ಸೂಜಿ ಇಳಿದಾಗ ಕಿರುಚಿ ನನ್ನ ತೋಳನ್ನು ಕಚ್ಚಿದರು. ರಕ್ತ ಬಂತು. ನಾನು ಕೈ ಎಳೆದುಕೊಳ್ಳಲಿಲ್ಲ.

ಡಾಕ್ಟರು ಅಲ್ಲಿಗೆ ಪೆನ್ನಿನಿಂದ ಗೆರೆ ಎಳೆದರು.