ಅಟಾ ಒಡಾರ್ಟೆಯ ಟೋಪಿ

ತಲೆಗೆ ಗುದ್ದು ಬಿದ್ದರೆ ಮಿದುಳು ಎಷ್ಟು ಕೆಡುತ್ತದೆ ಎಂದು ನಾನು ಹನ್ನೊಂದು ವರ್ಷ ನಮ್ಮ ಬುಕೋಮ್ ಓಣಿಯ ಬಾಕ್ಸರುಗಳನ್ನು ಅಳೆದೆ. ಪಂದ್ಯಕ್ಕೆ ಮೊದಲು ಐದು ಪದ ಹೇಳಿ, ತುಸು ಹೊತ್ತು ಬಿಟ್ಟು ಕೇಳುವುದು. ಪಂದ್ಯ ಮುಗಿದ ಮೇಲೆ ಮತ್ತೆ ಅದೇ ಪರೀಕ್ಷೆ. ಮೊದಲಿಗಿಂತ ಕಡಿಮೆ ಹೇಳಿದವನು ಆರು ತಿಂಗಳು ರಿಂಗಿಗೆ ಕಾಲಿಡುವಂತಿಲ್ಲ.

ಕೊನೆಗೆ ನನ್ನ ಸಂಶೋಧನೆ ಸಾಬೀತು ಮಾಡಿದ್ದೇನು ಗೊತ್ತೆ? ಗುದ್ದು ತಿಂದಷ್ಟೂ ಜ್ಞಾಪಕಶಕ್ತಿ ಹೆಚ್ಚುತ್ತದೆ! ಪಂದ್ಯಕ್ಕೆ ಮೊದಲು ಎರಡು ಪದ ಹೇಳಿ ತಲೆ ಕೆರೆದುಕೊಂಡವರು, ಆಮೇಲೆ ಮೂಗಿನಲ್ಲಿ ರಕ್ತ ಸುರಿಯುತ್ತಿದ್ದರೂ ಐದನ್ನೂ ಪಟಪಟನೆ ಒದರುತ್ತಿದ್ದರು. ಸಮ್ಮೇಳನದಲ್ಲಿ ಒಬ್ಬ ಪ್ರೊಫೆಸರು, ದಿನಕ್ಕೆ ಎಷ್ಟು ಗುದ್ದು ಒಳ್ಳೆಯದು ಎಂದು ಗಂಭೀರವಾಗಿಯೇ ಕೇಳಿದರು. ನನ್ನ ಮಾನ ಹರಾಜಾಯಿತು.

ಇದೆಲ್ಲ ನಮ್ಮಪ್ಪನ ಕಿತಾಪತಿ. ಮನೆಗೂ ಓಣಿಗೂ ಅವನು ಅಟಾ, ಅಂದರೆ ಅಪ್ಪ. ಅಟಾ ಒಡಾರ್ಟೆ ಹಳೆಯ ಬಾಕ್ಸರು, ನಲವತ್ತು ವರ್ಷದಿಂದ ತರಬೇತುದಾರ. ನನ್ನ ಚೀಲದಿಂದ ಪದಗಳನ್ನು ಕದ್ದು ಓಣಿಗೆಲ್ಲ ಕಲಿಸಿದ್ದ. ಮೊದಲು ದಡ್ಡರಾಗಿ, ಆಮೇಲೆ ಜಾಣರಾಗಿ ಎಂಬುದು ಅವನ ಪಾಠ. ಮೆಕ್ಕೆಜೋಳದ ಕೆಂಕಿ ಕಡುಬು ಮಾರುವವಳೂ ಅದರ ಜೊತೆ ಹುರಿದ ಮೀನು ಕಟ್ಟಿಕೊಡುತ್ತ "ಉಪ್ಪು, ಏಣಿ, ಗಂಟೆ, ದೋಣಿ, ಕೊಡೆ" ಎಂದು ನನ್ನನ್ನು ಕಿಚಾಯಿಸುತ್ತಿದ್ದಳು.

ನನಗೆ ಪಿತ್ತ ನೆತ್ತಿಗೇರಿತು. ತರಬೇತುದಾರರಿಗೂ ಪರೀಕ್ಷೆಯಾಗಬೇಕು, ಫೇಲಾದವರು ಪಂದ್ಯದ ವೇಳೆ ತಮ್ಮ ಬಾಕ್ಸರನ ಜೊತೆ ರಿಂಗಿನ ಮೂಲೆಯಲ್ಲಿ ನಿಲ್ಲುವಂತಿಲ್ಲ ಎಂದು ಬಾಕ್ಸಿಂಗ್ ಸಂಘದಿಂದ ನಿಯಮ ಮಾಡಿಸಿದೆ. ಅಪ್ಪನಿಗೆ ಆ ಮೂಲೆಯೇ ಪ್ರಾಣ. ಅವನೇ ಕಲಿಸಿದ ಪದಗಳು, ಪಾಸಾಗುವುದೇನೋ ಖಂಡಿತ. ಆದರೂ ಎಲ್ಲರೆದುರು ಒಮ್ಮೆ ಬೆವರಿಳಿಸಬೇಕೆಂಬ ಆಸೆ ನನಗೆ.

"ಕೇಳಿ ಡಾಕ್ಟ್ರೇ," ಎಂದು ಪರೀಕ್ಷೆಯ ದಿನ ಅಪ್ಪ ಸ್ಟೂಲಿನ ಮೇಲೆ ಕೂತ. ಒಂದು ವರ್ಷದಿಂದ ಮನೆಯಲ್ಲೂ ನನ್ನನ್ನು ಹಾಗೇ ಕರೆಯುತ್ತಿದ್ದ. ಮಗಳ ಮೇಲಿನ ಜಂಬ ಅಂದುಕೊಂಡಿದ್ದೆ.

ಐದೂ ಪದ ಹೇಳಿ, ಐದು ನಿಮಿಷ ಬಿಟ್ಟು ಕೇಳಿದೆ.

"ಉಪ್ಪು," ಎಂದು ತಲೆ ಕೆರೆದುಕೊಂಡ.

ಸುತ್ತ ನಿಂತವರು ಬಿದ್ದು ಬಿದ್ದು ನಕ್ಕರು. "ಅಟಾ, ದಡ್ಡ ಆಗೋ ಸರದಿ ಅಲ್ಲ ಇದು! ಈಗ ಜಾಣ ಆಗ್ಬೇಕು!" ಎಂದು ಬಾಕ್ಸರ್ ಆಯಿಟೆ ಕೂಗಿದ.

ಅಪ್ಪ ಟೋಪಿ ತೆಗೆದು ಒಳಗೆ ಇಣುಕಿದ.

"ಕಾಪಿ ಬೇರೆ ಹೊಡೀತೀಯಾ? ಕೊಡಿಲ್ಲಿ!" ಎಂದು ಕಿತ್ತುಕೊಂಡೆ.

ಒಳಗೆ ಶಾಯಿಯಲ್ಲಿ ಐದೂ ಪದಗಳಿದ್ದವು. ಅವುಗಳ ಕೆಳಗೆ ಇನ್ನಷ್ಟು: ನೀಲಿ ಬಾಗಿಲು ನಮ್ಮ ಮನೆ. ಹೆಂಡತಿ ತೀರಿಕೊಂಡಿದ್ದಾಳೆ, ಎಲ್ಲಿ ಅಂತ ಕೇಳಬೇಡ. ಡಾಕ್ಟರು ನನ್ನ ಮಗಳು, ಹೆಸರು ಕೊರ್ಕೊರ್.

ಓಣಿಯ ತಲೆಗಳನ್ನೆಲ್ಲ ಅಳೆದವಳು, ದಿನಾ ನನ್ನೆದುರು ಕೂತು ಉಣ್ಣುತ್ತಿದ್ದ ತಲೆಯನ್ನು ನೋಡಿರಲಿಲ್ಲ.

"ಎಷ್ಟು ಬಂತು ಡಾಕ್ಟ್ರೇ? ಮೂಲೇಲಿ ನಿಲ್ಬಹುದಾ?"

ಕಾಗದದಲ್ಲಿ ಒಂದು ಎಂದು ಬರೆದೆ. ಹನ್ನೊಂದು ವರ್ಷದಲ್ಲಿ ನನಗೆ ಸಿಕ್ಕ ಮೊದಲ ನಿಜವಾದ ಅಂಕ ಅದು. "ಇಲ್ಲ ಅಟಾ," ಎಂದು ಟೋಪಿಯನ್ನು ಅವನ ಕೈಗಿಟ್ಟೆ. "ನಡಿ, ಮನೆಗೆ ಹೋಗೋಣ."

"ಒಂದ್ನಿಮಿಷ," ಎಂದು ಟೋಪಿಯೊಳಗೆ ನೋಡಿಕೊಂಡ.

"ನೀಲಿ ಬಾಗ್ಲು!" ಎಂದ, ಪಾಸಾದವನ ಹಾಗೆ ನಗುತ್ತ.