ನಾಲ್ಕನೆಯ ನಂಬರು

ನಾಲ್ಕರ ಎದುರಿಗೆ ತನ್ನ ಹೆಸರನ್ನೇ ಬರೆದುಬಿಟ್ಟು ಯಜ್ಞೇಶ್ವರ ಸುತ್ತ ನೋಡಿದ. ಯಾರೂ ಗಮನಿಸಿರಲಿಲ್ಲ. ಗಮನಿಸಿದ್ದರೂ ಅಲ್ಲಿ ಬೇರೆ ಯಾರಿಗೂ ಇಂಗ್ಲಿಷು ಬರುತ್ತಿರಲಿಲ್ಲ.

ಹುಬ್ಬಳ್ಳಿಯ ಆ ಹತ್ತಿ ಅಂಗಡಿಗೆ ಹೊರಗಿನಿಂದ ಬರುವ ಟೆಲಿಫೋನು ಒಂದೇ. ಅದನ್ನು ಒಳಗಿನ ಐದು ಕಡೆಗೆ ಹಂಚುವ ಬೋರ್ಡು ಮುಂಬಯಿಯಿಂದ ಬಂದಿತ್ತು. ಯಾವ ಕೋಣೆಗೆ ಯಾವ ನಂಬರು ಎಂದು ಯಾದಿ ಮಾಡುವ ಕೆಲಸ ಇಂಗ್ಲಿಷು ಪತ್ರ ಬರೆಯುವ ಯಜ್ಞೇಶ್ವರನ ಪಾಲಿಗೆ ಬಂತು. ಬಿ.ಎ. ಮಾಡಿದವನು ಅವನೊಬ್ಬನೇ. ಒಂದು ಸಾವುಕಾರ ಗುರುಶಿದ್ದಪ್ಪನವರಿಗೆ, ಎರಡು ತೂಕದ ಕಟ್ಟೆಗೆ, ಮೂರು ಗೋದಾಮಿಗೆ, ಐದು ಗಿರಣಿಗೆ. ಉಳಿದ ನಾಲ್ಕು ತನಗೆ.

ಒಂಬತ್ತು ವರ್ಷ ಅವನು ನಡುವಿನ ಪಡಸಾಲೆಯಲ್ಲಿ, ಹೋಗುವವರ ಬರುವವರ ಕಾಲ ಬಳಿ ಮೇಜು ಹಾಕಿಕೊಂಡು ಕೂತಿದ್ದ. ಬಾಗಿಲಿರುವ ಕೋಣೆ ಸಿಕ್ಕಿದ್ದು ಹೋದ ತಿಂಗಳು. ಕೊಟ್ಟವರು ಯಾವಾಗ ಬೇಕಾದರೂ ಕಸಿದುಕೊಂಡಾರು ಎಂದು ದಿನವೂ ಹೆದರಿಕೆ. ಗೋಡೆಗೆ ಟೆಲಿಫೋನು ಜಡಿದ ಮೇಲೆ ಕೋಣೆ ತನ್ನದಾಗಿಯೇ ಉಳಿಯುತ್ತದೆ ಎಂದು ನಂಬಿಕೊಂಡಿದ್ದ.

ಬೆಳಿಗ್ಗೆ ಧಾರವಾಡದ ಮನೆಯಲ್ಲಿ ಹೆಂಡತಿ ರಜನಿಗೆ ಹೇಳಿದ್ದ.

"ಇವತ್ತಿನಿಂದ ನನ್ನ ಕೋಲ್ಯಾಗ ಫೋನು ಇರತದ."

"ಯಾರ ಜೋಡಿ ಮಾತಾಡ್ತೀರಿ?"

ಅವಳು ಹಂಗಿಸಲೆಂದು ಕೇಳಿರಲಿಲ್ಲ. ಆದ್ದರಿಂದಲೇ ಅವನಿಗೆ ಸಿಟ್ಟು ಬಂತು. ಹುಬ್ಬಳ್ಳಿಗೆ ಬರುವ ರೈಲು ಉಣಕಲ್ ದಾಟುವವರೆಗೂ ಯೋಚಿಸಿದ. ಒಂದು ಹೆಸರೂ ನೆನಪಿಗೆ ಬರಲಿಲ್ಲ.

ಹತ್ತೂವರೆಗೆ ಮಿಸ್ತ್ರಿ ಮೆಹಬೂಬ ವಾಯರು ಜೋಡಿಸಿ ಮುಗಿಸಿದ. ಬೋರ್ಡಿಗೆ ವಿಭೂತಿ ಹಚ್ಚಿದ್ದಾಯಿತು, ಕಾಯಿ ಒಡೆದದ್ದಾಯಿತು. ಸಾವುಕಾರರು ತಮ್ಮ ಕೋಣೆಯ ಗೋಡೆಯತ್ತ ತಿರುಗಿ ನಿಂತು ಟೆಲಿಫೋನಿನ ಹಿಡಿಕೆ ತಿರುಗಿಸಿದರು. ಪಡಸಾಲೆಯ ಬೋರ್ಡಿನಲ್ಲಿ ಒಂದನೆಯ ಹಿತ್ತಾಳೆ ಮುಚ್ಚಳ ಟಪ್ಪನೆ ಬಿತ್ತು. ಮೆಹಬೂಬ ವಾಯರಿನ ತುದಿಯನ್ನು ಮೂರನೆಯ ತೂತಿಗೆ ಸಿಕ್ಕಿಸಿ ಬೋರ್ಡಿನ ಹಿಡಿಕೆ ತಿರುಗಿಸಿದ. ಗೋದಾಮಿನಲ್ಲಿ ಗಂಟೆ ಬಾರಿಸಿತು.

ಗೋದಾಮಿನ ಫಕೀರಪ್ಪ ಫೋನು ಎತ್ತಲಿಲ್ಲ. ಓಡಿಬಂದ. ಮೈತುಂಬ ಹತ್ತಿಯ ಎಳೆ, ಕಾಲಲ್ಲಿ ಚಪ್ಪಲಿ ಇಲ್ಲ. ಸಾವುಕಾರರ ಹೊಸ್ತಿಲ ಹೊರಗೆ ಕೈಕಟ್ಟಿ ನಿಂತ.

"ಕರದ್ರೀ ಯಪ್ಪಾ?"

"ಅಲ್ಲೇ ನಿಂತ ಮಾತಾಡಬೇಕೋ ಮಾರಾಯಾ!"

ಎಲ್ಲರೂ ನಕ್ಕರು. ಫಕೀರಪ್ಪನದಾದರೂ ಏನು ತಪ್ಪು? ಸಾವುಕಾರರ ಮೇಜಿನ ಮೇಲೆ ಒಂದು ಹಿತ್ತಾಳೆ ಗಂಟೆ ಇತ್ತು. ಒಂದು ಸಲ ಹೊಡೆದರೆ ಫಕೀರಪ್ಪ ಬರಬೇಕು, ಎರಡು ಸಲ ಹೊಡೆದರೆ ಯಜ್ಞೇಶ್ವರ. ಗಂಟೆ ಕೇಳಿದ ಮೇಲೆ ಕಾಲು ಕೇಳುವುದಿಲ್ಲ. ಆದರೂ ಎಲ್ಲರಿಗಿಂತ ಜೋರಾಗಿ ನಕ್ಕವನು ಯಜ್ಞೇಶ್ವರ. ಆ ನಗು ಅವನ ಕಿವಿಗೇ ಹೊಲಸಾಗಿ ಕೇಳಿಸಿತು.

"ಬೋರ್ಡಿನ ಮುಂದ ಮುಂಜಾನಿಂದ ಸಂಜೀತನಾ ಒಬ್ಬರು ಕುಂದ್ರಬೇಕ್ರಿ. ಮುಂಬೈ ಫೋನ್ ಬಂದ್ರ ಇಂಗ್ಲಿಷ್‌ನ್ಯಾಗ ಮಾತಾಡಾವ್ರು ಬೇಕು" ಎಂದ ಮೆಹಬೂಬ.

"ಮತ್ತ ನಮ್ಮ ರಾಯರು ಅದಾರಲ್ಲ" ಎಂದರು ಸಾವುಕಾರರು, ಯಜ್ಞೇಶ್ವರನತ್ತ ಕೈ ತೋರಿಸಿ.

ಯಜ್ಞೇಶ್ವರ ಒಂದು ಹೆಜ್ಜೆ ಮುಂದೆ ಬಂದ.

"ನನ್ನ ಕೋಲ್ಯಾಗ ನಾಲ್ಕನೇ ನಂಬರು ಹಾಕೇವಿ, ಸಾವಕಾರ್ರ."

"ಇರ್ಲಿ ಬಿಡ್ರಿ. ಕೋಲ್ಯಾಗ ಹತ್ತಿ ಮಾದರಿ ಇಡೂಣು. ನಿಮಗ ಒಂದು ನಂಬರ ಯಾಕ್ರಿ? ಎಲ್ಲಾ ನಂಬರೂ ನಿಮ್ಮ ಕೈಯಾಗ ಇರ್ತಾವು."

"ಅದೂ ಖರೇನ" ಎಂದ ಯಜ್ಞೇಶ್ವರ.

ಸಾವುಕಾರರ ಮಾತಿನಲ್ಲಿ ಕೊಂಕು ಇರಲಿಲ್ಲ; ಪ್ರೀತಿಯಿಂದಲೇ ಹೇಳಿದ್ದರು. ಯಜ್ಞೇಶ್ವರ ಯಾದಿ ತೆಗೆದು ಅಳತೆಪಟ್ಟಿ ಇಟ್ಟು ತನ್ನ ಹೆಸರಿನ ಮೇಲೆ ಗೆರೆ ಎಳೆದ. ಗೆರೆ ಬಹಳ ನೆಟ್ಟಗೆ ಬಂತು.

ಮಧ್ಯಾಹ್ನವೆಲ್ಲ ಪಡಸಾಲೆಯಲ್ಲಿ, ಹಳೆಯ ಜಾಗದಲ್ಲೇ, ಬೋರ್ಡಿನ ಮುಂದೆ ಕೂತ. ಮುಚ್ಚಳ ಬೀಳುತ್ತಿತ್ತು, ಎತ್ತುತ್ತಿದ್ದ. ಒಂದನ್ನು ಎರಡಕ್ಕೆ, ಐದನ್ನು ಒಂದಕ್ಕೆ ಕೂಡಿಸುತ್ತಿದ್ದ. ಕಿವಿಯ ಮೇಲಿನ ಕೊಳವೆಯಲ್ಲಿ ಎಲ್ಲರ ಮಾತೂ ಕೇಳುತ್ತಿತ್ತು. ಕದ್ದು ಕೇಳುವುದು ತಪ್ಪೆಂದು ಗೊತ್ತಿದ್ದೂ ಕೇಳಿದ. ತನ್ನನ್ನು ಯಾರಾದರೂ ಆಡಿಕೊಂಡಾರು ಎಂಬ ಆಸೆ. ಬೈದರೂ ನಡೆಯುತ್ತಿತ್ತು. ಗಾಡಿ, ಮಳೆ, ಅರಳೆ, ಯಾರದೋ ಮಗಳ ಮದುವೆಯ ಸೀರೆ, ಶಿರಗುಪ್ಪಿಯಿಂದ ಬರಬೇಕಾದ ಎತ್ತು. ಎಲ್ಲದರ ಮಾತೂ ಬಂತು. ಮೂರು ತಾಸಿನಲ್ಲಿ ಅವನ ಹೆಸರು ಒಮ್ಮೆಯೂ ಬರಲಿಲ್ಲ.

ನಾಲ್ಕರ ಹೊತ್ತಿಗೆ ಪೇಟೆ ತಣ್ಣಗಾಯಿತು. ಬಹಳ ಹೊತ್ತು ಯಾವ ಮುಚ್ಚಳವೂ ಬೀಳಲಿಲ್ಲ. ಯಜ್ಞೇಶ್ವರ ವಾಯರಿನ ತುದಿಯನ್ನು ನಾಲ್ಕನೆಯ ತೂತಿಗೆ ಸಿಕ್ಕಿಸಿ ಮೆಲ್ಲಗೆ ಹಿಡಿಕೆ ತಿರುಗಿಸಿದ.

ಮುಚ್ಚಿದ ಬಾಗಿಲಿನ ಆಚೆ, ಹತ್ತಿ ಮಾದರಿಗಳ ನಡುವೆ, ಗಂಟೆ ಬಾರಿಸಿತು. ಅವನಿಗೆ ಹಿತವೆನಿಸಿತು. ತನ್ನ ಕೋಣೆಯಲ್ಲಿ ತನ್ನನ್ನು ಯಾರೋ ಕೇಳುತ್ತಿದ್ದಾರೆ. ಇನ್ನೊಮ್ಮೆ ತಿರುಗಿಸಿದ.

ಗಂಟೆ ಎರಡು ಸಲ ಆಯಿತು.

ಮೈಮೇಲೆ ಎಚ್ಚರ ಬಂದಾಗ ಅವನು ಸಾವುಕಾರರ ಹೊಸ್ತಿಲ ಹೊರಗೆ ನಿಂತಿದ್ದ. ಚಪ್ಪಲಿ ಬಿಟ್ಟಾಗಿತ್ತು, ಟೋಪಿ ಸರಿಮಾಡಿಕೊಂಡದ್ದೂ ಆಗಿತ್ತು. ಕೊಳವೆಯನ್ನು ಕಿವಿಯಿಂದ ಯಾವಾಗ ತೆಗೆದಿಟ್ಟನೋ ನೆನಪಿಲ್ಲ.

ಸಾವುಕಾರರು ಬಾಗಿಲಿಗೆ ಬೆನ್ನು ಮಾಡಿ ಗೋಡೆಯ ಟೆಲಿಫೋನಿನ ಹಿಡಿಕೆ ತಿರುಗಿಸುತ್ತಿದ್ದರು. ಪಡಸಾಲೆಯಲ್ಲಿ, ಖಾಲಿ ಕುರ್ಚಿಯ ಎದುರಿಗೆ, ಮುಚ್ಚಳ ಟಪ್ಪನೆ ಬಿದ್ದದ್ದು ಯಜ್ಞೇಶ್ವರನಿಗೆ ಕೇಳಿಸಿತು.

"ಹಲೋ" ಎಂದರು ಸಾವುಕಾರರು ಗೋಡೆಗೆ. "ರಾಯರ, ಅದೀರೇನ್ರಿ?"

ಅವರ ಬೆನ್ನಿಗೂ ಅವನಿಗೂ ನಡುವೆ ಮೂರು ಮಾರು. ಯಜ್ಞೇಶ್ವರ ಬಾಯಿ ತೆರೆದ. ಇಲ್ಲಿಂದ ಹೇಳಿದರೆ ಅದು ಉತ್ತರವಾಗುತ್ತದೆಯೇ ಎಂದು ತಿಳಿಯಲಿಲ್ಲ.

"ರಾಯರ?"

ಸಾವುಕಾರರು ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದರು. ಯಜ್ಞೇಶ್ವರನೂ ಉಸಿರು ಬಿಗಿಹಿಡಿದು, ಆ ಕಡೆಯಿಂದ ತಾನು ಏನು ಹೇಳುತ್ತೇನೋ ಎಂದು ಕಾಯುತ್ತ ನಿಂತ.